ಮಹಾಮಾರಿಯ ಕಾಲದಲ್ಲಿ ಊರ ಹೊರಗಿನ ಬಯಲು

ಶಾಲಿವಾಹನ ಶಕೆ 1820ನೆಯ ವಿಳಂಬಿ ಸಂವತ್ಸರದಲ್ಲಿ, ಎಂದರೆ ಕ್ರಿ. ಶ. 1898ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ, ಪ್ಲೇಗೆಂಬ ಮಹಾಮಾರಿಯು ಬೆಂಗಳೂರನ್ನು ಹೊಕ್ಕಿತು. 1896ರಲ್ಲಿ ಮುಂಬಯಿಯ ಬಂದರಿನ ಬಳಿಯ ಮಾಂಡವಿಯಲ್ಲಿ ಕಾಣಿಸಿಕೊಂಡ ಈ ಬೇನೆಯು ಪುಣೆಯನ್ನು ಹಾಳುಗೆಡವಿ, ಹುಬ್ಬಳ್ಳಿ ಧಾರವಾಡಗಳನ್ನು ಮುಟ್ಟಿ, ರೈಲಿನ ದಾರಿಯಗುಂಟ ದಕ್ಷಿಣಕ್ಕಿಳಿದು ಬಂದಿತು. 1891ರ ಖಾನೇಷುಮಾರಿಯಲ್ಲಿ 80,285 ಜನರಿದ್ದ ಬೆಂಗಳೂರು ಪೇಟೆಯಲ್ಲಿ 1901ರ ಎಣಿಕೆಯ ಹೊತ್ತಿಗೆ ಉಳಿದವರು 69,447 ಮಂದಿ. ಈ ಕೊರತೆಯೆಲ್ಲವೂ ಸಾವಿನದೇ ಅಲ್ಲ. ಮನೆಗೆ ಬೀಗವಿಕ್ಕಿ ಹೊರಟವರು ಮರಳಿ ಬಾರದೆ ಹೋದುದೂ ಇದರಲ್ಲಿ ಸೇರಿರುವುದು.

ಹೀಗೆ ಹೊರಡುವುದನ್ನು ಜನರು ಬೇಗನೆ ಕಲಿತರು. "ಇಲಿ ಬಿದ್ದಿತು" ಎಂಬ ಮಾತು ಕಿವಿಗೆ ಬಿದ್ದೊಡನೆ ಬಂಡಿ ಕಟ್ಟಿ, ಪಾತ್ರೆ ಪದಾರ್ಥಗಳನ್ನೂ ದನಕರುಗಳನ್ನೂ ಕೂಡಿಕೊಂಡು, ಹೊಲದಲ್ಲಿಯೋ ತೋಪಿನಲ್ಲಿಯೋ ಗೋಮಾಳದಲ್ಲಿಯೋ ತಟ್ಟಿಯ ಗುಡಿಸಲು ಹಾಕಿಕೊಳ್ಳುವುದು ಕನ್ನಡ ನಾಡಿನ ಹಳ್ಳಿ ಪಟ್ಟಣಗಳಲ್ಲಿ ವಾಡಿಕೆಯಾಯಿತು. ಇಲಿಯ ಮೈಮೇಲಿನ ಚಿಗಟದಿಂದ ರೋಗವು ಮನುಷ್ಯನಿಗೆ ಹರಡುವುದೆಂದು ಫ್ರೆಂಚ್ ವೈದ್ಯನಾದ ಸಿಮೊಂಡನು ಕರಾಚಿಯಲ್ಲಿ ಅದೇ 1898ರಲ್ಲಿ ಕಂಡುಕೊಂಡನಾದರೂ ಪಂಡಿತರು ಅದನ್ನು ಒಪ್ಪಿದುದು ಹಲವು ವರ್ಷಗಳ ತರುವಾಯ. ಶಾಸ್ತ್ರವು ಒಪ್ಪುವ ಮೊದಲೇ ರೈತನು ಊರು ಬಿಟ್ಟಿದ್ದನು. ಇಲಿಯು ಗೋಡೆಯ ಬಿಲದಲ್ಲಿ ಉಳಿಯಿತು. ಮನುಷ್ಯನು ಬಯಲಲ್ಲಿ ಬದುಕಿದನು.

ಆದರೆ ಬಯಲಿಗೆ ಹೋಗಬಲ್ಲವರು ಯಾರು? ಸ್ವಂತ ಹೊಲವುಳ್ಳವನಿಗೆ ಅಲ್ಲಿ ಬಾವಿಯುಂಟು, ಕಣಜದಲ್ಲಿ ಜೋಳವೋ ರಾಗಿಯೋ ಉಂಟು. ಮಗ್ಗವನ್ನೇ ನಂಬಿದ ನೇಕಾರನಿಗೆ, ಪೇಟೆಯ ಹಮಾಲಿಗೆ, ಹಿಟ್ಟು ಬೀಸಿ ಹೊಟ್ಟೆ ಹೊರೆಯುವ ವಿಧವೆಗೆ ಅನ್ನವೂ ಕೂಲಿಯೂ ಊರೊಳಗೇ ಇದ್ದವು. ಅಂಗಡಿಯ ಸಾಹುಕಾರನು ಊರು ಬಿಟ್ಟ ದಿನವೇ ಅಂಥವರ ಒಲೆಯು ಆರುತ್ತಿದ್ದಿತು. ಪ್ಲೇಗಿನ ಇತಿಹಾಸವನ್ನು ಬರೆದವರಲ್ಲಿ ಅನೇಕರು ಸತ್ತವರನ್ನು ಎಣಿಸಿರುವರಲ್ಲದೆ, ಹೀಗೆ ಹಸಿವಿಗಂಜಿ ರೋಗದ ಮನೆಯಲ್ಲೇ ಉಳಿದವರ ಮಾತನ್ನು ಹೆಚ್ಚಾಗಿ ಎತ್ತಿಲ್ಲ.

ಸರಕಾರವು ಮೊದಲು ಹಿಡಿದ ದಾರಿಯು ಬಲಾತ್ಕಾರದ್ದು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯು ಜಾರಿಗೆ ಬಂದಿತು. ಸಿಪಾಯಿಗಳು ಮನೆಗಳನ್ನು ಹೊಕ್ಕು ಶೋಧಿಸಿದರು. ರೋಗಿಯನ್ನು ಆಸ್ಪತ್ರೆಗೂ ಅವನ ಮನೆಯವರನ್ನು ಊರ ಹೊರಗಿನ ಕ್ಯಾಂಪಿಗೂ ಸಾಗಿಸಿದರು. ಪುಣೆಯಲ್ಲಿ ಈ ಕ್ರೌರ್ಯವು ಮಿತಿಮೀರಿ, 1897ರ ಜೂನ್ 22ರ ರಾತ್ರಿ ಪ್ಲೇಗಿನ ಅಧಿಕಾರಿಯಾದ ರ್‍ಯಾಂಡನು ಚಾಪೇಕರ ಸಹೋದರರ ಗುಂಡಿಗೆ ಗುರಿಯಾದನು. ಮೈಸೂರು ಸೀಮೆಯಲ್ಲಿಯೂ 1898ರಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಜನರು ದಂಗೆಯೆದ್ದರು. ಬಯಲು ಅದೇ ಬಯಲು. ಗುಡಿಸಲೂ ಅಂಥದೇ ಗುಡಿಸಲು. ತಾನಾಗಿ ಹೋದವನಿಗೆ ಅದು ಆಶ್ರಯವಾಯಿತು, ಎಳೆದೊಯ್ಯಲ್ಪಟ್ಟವನಿಗೆ ಸೆರೆಮನೆಯಾಯಿತು. ಕೆಲವು ವರ್ಷಗಳಲ್ಲಿಯೇ ಸರಕಾರವು ಈ ಕಟ್ಟುಗಳನ್ನು ಸಡಿಲಿಸಿ, ಜನರು ಒಪ್ಪಿ ಊರು ಬಿಡುವುದನ್ನೂ ಒಪ್ಪಿ ಚುಚ್ಚಿಸಿಕೊಳ್ಳುವುದನ್ನೂ ನೆಚ್ಚಬೇಕಾಯಿತು. ಹುಬ್ಬಳ್ಳಿಯಲ್ಲಂತೂ 1898ರಲ್ಲಿಯೇ ಸಾವಿರ ಸಾವಿರ ಜನರು ಹಾಫ್‌ಕಿನ್ ಪಂಡಿತನ ಲಸಿಕೆಯನ್ನು ಚುಚ್ಚಿಸಿಕೊಂಡಿದ್ದರು.

ಅದೇ ಪುಣೆಯ ಹೊರವಲಯದ ಬಯಲಲ್ಲಿ ಮತ್ತೊಂದು ಬಗೆಯ ಕಾರ್ಯವೂ ನಡೆಯಿತೆಂಬುದನ್ನು ಮರೆಯಲಾಗದು. ಸಾವಿತ್ರಿಬಾಯಿ ಫುಲೆಯವರು ತಮ್ಮ ಸಾಕುಮಗನಾದ ವೈದ್ಯ ಯಶವಂತನೊಡನೆ ಅಲ್ಲಿ ಚಿಕಿತ್ಸಾಲಯವನ್ನು ತೆರೆದು, ಯಾರೂ ಮುಟ್ಟದವರನ್ನು ಮುಟ್ಟಿ ಉಪಚರಿಸಿ, ಅದೇ ರೋಗದಿಂದ 1897ರ ಮಾರ್ಚ್ 10ರಂದು ದೇಹವಿಟ್ಟರು. ಮುಂಬಯಿಯಲ್ಲಿ ಒಂದೊಂದು ಜಾತಿಯವರು ತಮ್ಮ ತಮ್ಮವರಿಗೆಂದು ಬೇರೆ ಬೇರೆ ಪ್ಲೇಗಿನ ಆಸ್ಪತ್ರೆಗಳನ್ನು ನಿಲ್ಲಿಸಿದರು. ಅದರಿಂದ ಜನರ ಅಂಜಿಕೆಯು ಕಡಿಮೆಯಾದುದು ನಿಜ. ಆದರೆ ಹಿಂದೆ ಹಣವಂತರಾದ ಜಾತಿಬಾಂಧವರಿಲ್ಲದವನಿಗೆ ಯಾವ ಬಾಗಿಲು? ಜಾತಿಯನ್ನು ಕೇಳದೆ ಅನ್ನವಿಕ್ಕುವುದನ್ನು ದಾಸೋಹವೆಂದು ಕರೆದ ಶರಣರ ನಾಡಿನವರು ಈ ಪ್ರಶ್ನೆಯನ್ನು ದಾಟಿ ಹೋಗುವಂತಿಲ್ಲ.

ಮೈಸೂರು ಸಂಸ್ಥಾನದಲ್ಲಿ ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರರಾಗಿ ನಿಯಮಿತರಾದರು. ಬೆಂಗಳೂರಿನ ಇಕ್ಕಟ್ಟಾದ ಪೇಟೆಯಿಂದ ಹೊರಬಿದ್ದವರಿಗೆ ಅಗಲವಾದ ಬೀದಿಗಳುಳ್ಳ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಆಸರೆಯಾದವು. ಇವು ನಗರಕ್ಕೆ ಭೂಷಣವಾದುವೆಂಬುದರಲ್ಲಿ ಸಂದೇಹವಿಲ್ಲ. ಆದರೂ ನಿವೇಶನವನ್ನು ಕೊಳ್ಳಬಲ್ಲವನಿಗೇ ಅಲ್ಲಿ ಗಾಳಿ ಬೆಳಕು ದೊರೆತುವು. ಕೂಲಿಯವನು ಪೇಟೆಯ ಓಣಿಗೇ ಮರಳಿದನು.

ಇಪ್ಪತ್ತು ವರ್ಷಗಳ ಮೇಲೆ, ಕಾಳಯುಕ್ತಿ ಸಂವತ್ಸರದಲ್ಲಿ (1918), ಇನ್‌ಫ್ಲುಯೆಂಜ ಜ್ವರವು ಬಂದಾಗ ಬಯಲೂ ಕೈಕೊಟ್ಟಿತು. ಉಸಿರಿನಿಂದ ಹರಡುವ ಜ್ವರವು ಊರು ಬಿಟ್ಟವನ ಬೆನ್ನನ್ನೂ ಬಿಡಲಿಲ್ಲ. ಮಳೆ ಹೋಗಿ ಧಾನ್ಯದ ಬೆಲೆಯೇರಿದ ವರ್ಷವದು. ಮನೆಮಂದಿಯೆಲ್ಲ ಒಟ್ಟಿಗೆ ಮಲಗಿದಾಗ ನೀರು ಸೇದುವವರೂ ಒಲೆ ಹೊತ್ತಿಸುವವರೂ ಇಲ್ಲವಾದರು. ಆಗ ಬೆಂಗಳೂರಿನಲ್ಲಿ ಸ್ವಯಂಸೇವಕರು ಗಂಜಿಯನ್ನೂ ಔಷಧವನ್ನೂ ಬಡವರ ಬಾಗಿಲಿಗೇ ಒಯ್ದರು.

ಶಾರ್ವರಿ ಸಂವತ್ಸರದ ಯುಗಾದಿಯಂದೇ, ಎಂದರೆ 2020ರ ಮಾರ್ಚ್ 25ರಂದು, ಕೊರೋನದ ನಿಮಿತ್ತ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತು. ಅದಕ್ಕೆ ಹದಿನೈದು ದಿನ ಮೊದಲು, ಈ ರೋಗದಿಂದ ಭಾರತದಲ್ಲಿ ಮೊದಲನೆಯ ಮರಣವು ಸಂಭವಿಸಿದುದು ಕಲಬುರಗಿಯಲ್ಲಿ. ಈ ಬಾರಿಯ ಆಜ್ಞೆಯು ಪ್ಲೇಗಿನ ಕಾಲದ್ದಕ್ಕೆ ತೀರ ವಿರುದ್ಧವಾದುದು: ಮನೆಯನ್ನು ಬಿಡಬೇಡಿರಿ! ಹಾಗಿದ್ದರೂ ಹಳೆಯ ತೊಡಕು ಹಾಗೆಯೇ ಉಳಿದಿದ್ದಿತು. ದಿನಗೂಲಿಯವನ ಅನ್ನವು ಮನೆಯ ಹೊರಗಿದ್ದಿತು. ಇಕ್ಕಟ್ಟಿನ ಮಾರುಕಟ್ಟೆಗಳನ್ನು ಮುಚ್ಚಿ, ಶಾಲೆಯ ಆಟದ ಬಯಲಿನಲ್ಲಿಯೂ ಬಸ್ ನಿಲ್ದಾಣದಲ್ಲಿಯೂ ಸುಣ್ಣದ ಗೆರೆ ಹಾಕಿ, ಅಂತರವಿಟ್ಟು ತರಕಾರಿ ಮಾರುವ ಏರ್ಪಾಟು ಅನೇಕ ಊರುಗಳಲ್ಲಾಯಿತು. ಏಪ್ರಿಲಿನಿಂದ ಪಡಿತರದ ಚೀಟಿಯುಳ್ಳವರಿಗೆ ತಲೆಗೆ ಐದು ಕಿಲೋ ಧಾನ್ಯವು ಕೇಂದ್ರದಿಂದ ಧರ್ಮಾರ್ಥವಾಗಿ ದೊರೆಯಿತು. ಆದರೆ ಪರಸ್ಥಳದಿಂದ ಕೂಲಿಗೆ ಬಂದವನ ಚೀಟಿಯು ಅವನ ಊರಿನಲ್ಲಿದ್ದಿತು. ಮೇ ತಿಂಗಳಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಗಂಟುಮೂಟೆಗಳೊಡನೆ ಸಾವಿರಾರು ಜನರು ರೈಲಿಗಾಗಿ ಕಾದು ಕುಳಿತುದು ಈ ಕಾರಣದಿಂದಲೇ.

ಮಠಗಳಿಗೆ ಈ ಕಾಲವು ವಿಲಕ್ಷಣವಾದ ಸಂಕಟವನ್ನು ತಂದಿತು. ದಾಸೋಹದ ಪ್ರಾಣವು ಪಂಕ್ತಿಯಲ್ಲಿರುವುದು. ಹೆಗಲಿಗೆ ಹೆಗಲು ತಾಗಿಸಿ ಕುಳಿತಾಗಲೇ ಮೇಲು ಕೀಳೆಂಬುದು ಅಳಿಯುವುದು. ಆ ಪಂಕ್ತಿಯೇ ನಿಷಿದ್ಧವಾಯಿತು. ನಾಡಿನ ಹಲವು ಮಠಗಳಲ್ಲಿ ಒಲೆಯನ್ನು ಆರಗೊಡದೆ, ಅಟ್ಟ ಅನ್ನವನ್ನು ಪೊಟ್ಟಣ ಕಟ್ಟಿ, ದವಸದ ಚೀಲಗಳೊಡನೆ ಬಂಡಿಯಲ್ಲಿ ಹೇರಿ, ಓಣಿ ಓಣಿಗೂ ಹೆದ್ದಾರಿಯಲ್ಲಿ ನಡೆದು ಹೊರಟವರ ಬಳಿಗೂ ಕಳುಹಿಸಿಕೊಟ್ಟರು.