ತಮ್ಮವರ ಎದುರಿಗೇ ನ್ಯಾಯ ಕೇಳಿದ ವರ್ಷ

ನ್ಯೂಯಾರ್ಕಿನ ಯಹೂದಿ ಸಮುದಾಯದ ಚರಿತ್ರೆಯಲ್ಲಿ 1909ರ ನವೆಂಬರಿನಿಂದ 1910ರ ಸೆಪ್ಟೆಂಬರಿನವರೆಗಿನ ದಿನಗಳಿಗೆ ವಿಶೇಷ ಸ್ಥಾನವಿದೆ. ರಷ್ಯಾ ಸಾಮ್ರಾಜ್ಯದ ಬಡತನ, ದೌರ್ಜನ್ಯಗಳಿಂದ ಪಾರಾಗಿ ಬಂದ ಲಕ್ಷಾಂತರ ಯಹೂದಿಗಳು ಆಗ ಲೋವರ್ ಈಸ್ಟ್ ಸೈಡಿನ ಇಕ್ಕಟ್ಟಿನ ಮನೆಗಳಲ್ಲಿ ನೆಲೆಸಿದ್ದರು. ಅವರಲ್ಲಿ ಬಹುಮಂದಿಗೆ ಅನ್ನ ಕೊಟ್ಟದ್ದು ಸಿದ್ಧ ಉಡುಪಿನ ಉದ್ಯಮ. ಹೊಲಿಯುವವರೂ ಯಹೂದಿಗಳು, ಧಣಿಗಳಲ್ಲಿ ಹೆಚ್ಚಿನವರೂ ಯಹೂದಿಗಳೇ. ಸೂಜಿ, ದಾರದ ಖರ್ಚನ್ನೂ ಹೊಲಿಯುವ ಹುಡುಗಿಯರ ಕೂಲಿಯಲ್ಲೇ ಹಿಡಿದುಕೊಳ್ಳುವ ಪದ್ಧತಿಯಿತ್ತು.

1909ರ ನವೆಂಬರ್ 22ರ ರಾತ್ರಿ ಕೂಪರ್ ಯೂನಿಯನ್ ಸಭಾಂಗಣ ಉಡುಪು ಕಾರ್ಮಿಕರಿಂದ ಕಿಕ್ಕಿರಿದಿತ್ತು. ಸ್ಯಾಮ್ಯುಯೆಲ್ ಗಾಂಪರ್ಸ್ ಮೊದಲಾದ ಕಾರ್ಮಿಕ ನಾಯಕರ ಭಾಷಣಗಳು ಮುಗಿಯುವಂತಿರಲಿಲ್ಲ. ಆಗ 23ರ ಹರೆಯದ ಕ್ಲಾರಾ ಲೆಮ್ಲಿಚ್ ವೇದಿಕೆ ಏರಿದಳು. ಅದಕ್ಕೂ ಮೊದಲೇ ಮುಷ್ಕರವೊಂದರಲ್ಲಿ ಗೂಂಡಾಗಳಿಂದ ಏಟು ತಿಂದು ಪಕ್ಕೆಲುಬು ಮುರಿಸಿಕೊಂಡಿದ್ದವಳು ಆಕೆ. ಮಾತು ಸಾಕು, ಸಾರ್ವತ್ರಿಕ ಮುಷ್ಕರ ಹೂಡೋಣ ಎಂದು ಯಿಡ್ಡಿಷ್ ಭಾಷೆಯಲ್ಲಿ ನಿರ್ಣಯ ಮಂಡಿಸಿದಳು. ಸಭಾಧ್ಯಕ್ಷ ಬೆಂಜಮಿನ್ ಫೈಗೆನ್‌ಬಾಮ್ ಧರ್ಮವನ್ನು ಕಟುವಾಗಿ ಟೀಕಿಸುತ್ತಿದ್ದ ಸಮಾಜವಾದಿ. ಆದರೂ ಅವರು ಸಭೆಗೆ ಬೋಧಿಸಿದ್ದು ಪುರಾತನ ಯಹೂದಿ ಪ್ರತಿಜ್ಞೆಯ ಮಾದರಿಯನ್ನೇ. ಈ ಹೋರಾಟಕ್ಕೆ ದ್ರೋಹ ಬಗೆದರೆ ಎತ್ತಿದ ಬಲಗೈ ಒಣಗಿಹೋಗಲಿ ಎಂದು ಸಾವಿರಾರು ಜನ ಕೈಯೆತ್ತಿ ಆಣೆ ಮಾಡಿದರು.

ಸುಮಾರು 20,000 ಮಂದಿ ಕೆಲಸ ಬಿಟ್ಟು ಬೀದಿಗಿಳಿದರು. ಅವರಲ್ಲಿ ಬಹುಪಾಲು ಯಹೂದಿ ಯುವತಿಯರು. ಇಟಲಿ ಮೂಲದವರೂ ಇದ್ದರು. ಚಳಿ, ಲಾಠಿ, ಬಂಧನ ಎಲ್ಲವನ್ನೂ ಸಹಿಸಿದರು. 1910ರ ಫೆಬ್ರುವರಿಯಲ್ಲಿ ಮುಷ್ಕರ ಮುಗಿಯುವ ಹೊತ್ತಿಗೆ ಹೆಚ್ಚಿನ ಕಾರ್ಖಾನೆಗಳು ವಾರಕ್ಕೆ 52 ಗಂಟೆಗಳ ದುಡಿಮೆಗೆ ಒಪ್ಪಿದ್ದವು. ಜುಲೈನಲ್ಲಿ ಕೋಟು ಹೊಲಿಯುವ ಸುಮಾರು 60,000 ಕಾರ್ಮಿಕರು ಅದೇ ಹಾದಿ ಹಿಡಿದರು. ವಕೀಲರಾದ ಲೂಯಿ ಬ್ರಾಂಡೈಸ್, ಲೂಯಿ ಮಾರ್ಷಲ್ ಮಧ್ಯಸ್ಥಿಕೆ ವಹಿಸಿ, ಸೆಪ್ಟೆಂಬರ್ 2ರಂದು ಶಾಂತಿ ಒಪ್ಪಂದವಾಯಿತು. ವ್ಯಾಜ್ಯ ತೀರ್ಮಾನಕ್ಕೆ ಪಂಚಾಯಿತಿ ಮಂಡಳಿ, ಕಾರ್ಖಾನೆಗಳ ನೈರ್ಮಲ್ಯ ನೋಡಿಕೊಳ್ಳಲು ಜಂಟಿ ಮಂಡಳಿ ರಚನೆಯಾದವು.

ಆದರೆ ಉಡುಪು ತಯಾರಿಸುವ ಟ್ರಯಾಂಗಲ್ ಕಂಪನಿಯ ಮಾಲೀಕರು ಕಾರ್ಮಿಕ ಸಂಘವನ್ನು ಮಾನ್ಯ ಮಾಡಲಿಲ್ಲ. 1911ರ ಮಾರ್ಚ್ 25ರಂದು ಅವರ ಕಾರ್ಖಾನೆಗೆ ಬೆಂಕಿ ಬಿದ್ದಾಗ ಒಂಬತ್ತನೆಯ ಅಂತಸ್ತಿನ ಒಂದು ಬಾಗಿಲಿಗೆ ಬೀಗ ಹಾಕಿತ್ತು. 146 ಜನ ಸತ್ತರು. ಆ ಸಾವುಗಳ ಬಳಿಕವೇ ನ್ಯೂಯಾರ್ಕ್ ರಾಜ್ಯದಲ್ಲಿ ಕಾರ್ಖಾನೆ ತನಿಖಾ ಆಯೋಗ ನೇಮಕವಾಗಿ, ಸುರಕ್ಷತೆಯ ಕಾನೂನುಗಳು ಬಂದವು.

ಮನೆಯ ಜಗಳ ಬೀದಿಗೆ ಬರಬಾರದೆಂದು ಬಡವರ ಬಾಯಿ ಮುಚ್ಚಿಸುವುದು ಎಲ್ಲ ಸಮುದಾಯಗಳಲ್ಲೂ ಕಾಣುವ ರೂಢಿ. ಈ ಹುಡುಗಿಯರು ಅದಕ್ಕೆ ಮಣಿಯಲಿಲ್ಲ. ಅವರಿಂದ ಸಮುದಾಯದ ಮಾನ ಹೆಚ್ಚಿತೇ ಹೊರತು ಕುಂದಲಿಲ್ಲ. ಸ್ಮರಣ ಸಂಚಿಕೆಗಳಲ್ಲಿ ದಾನಿಗಳಿಗೂ ಕಟ್ಟಡ ಕಟ್ಟಿಸಿದವರಿಗೂ ಗೌರವ ಸಲ್ಲುವುದು ಯೋಗ್ಯವೇ. ತಮ್ಮವರ ಎದುರು ನಿಂತು ನ್ಯಾಯ ಕೇಳಿದವರಿಗೂ ಅಷ್ಟೇ ಪುಟಗಳು ಮೀಸಲಾಗಲಿ.