ಮೂವತ್ತೆರಡು ಗೊಂಬೆಗಳ ಪ್ರಶ್ನೆ

ನವರಾತ್ರಿಗೆ ರೆಡ್ಮಂಡ್‌ನ ನಮ್ಮ ಮನೆಯಲ್ಲಿ ಗೊಂಬೆ ಕೂರಿಸುತ್ತೇವೆ. ಮೇಲೆ ಪಟ್ಟದ ಗೊಂಬೆಗಳು, ಕೆಳಗೆ ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳು. ನನಗೆ ಎಂಟು ವರ್ಷವಾಗಿದ್ದಾಗ ಊರಿಂದ ಬಂದಿದ್ದ ಅಜ್ಜಿ ಅವುಗಳ ಮುಂದೆ ಕೂತು ಬತ್ತೀಸ ಪುತ್ತಳಿ ಕಥೆ ಹೇಳಿದರು. ಬತ್ತೀಸ ಎಂದರೆ ಮೂವತ್ತೆರಡು, ಪುತ್ತಳಿ ಎಂದರೆ ಗೊಂಬೆ.

ಒಬ್ಬ ಬ್ರಾಹ್ಮಣ ತನ್ನ ಹೊಲದ ಅಟ್ಟಣೆಯ ಮೇಲಿದ್ದಾಗ ಮಹಾದಾನಿ, ಕೆಳಗಿಳಿದರೆ ಜಿಪುಣ. ಇದನ್ನು ಕಂಡ ಭೋಜರಾಜ ಆ ಜಾಗ ಅಗೆಸಿದಾಗ ವಿಕ್ರಮಾದಿತ್ಯನ ಸಿಂಹಾಸನ ಸಿಕ್ಕಿತು. ಭೋಜ ಹತ್ತಲು ಹೋದಾಗಲೆಲ್ಲ ಒಂದೊಂದು ಗೊಂಬೆ ತಡೆದು, ವಿಕ್ರಮನ ಒಂದು ಕಥೆ ಹೇಳಿ, ಅವನಷ್ಟು ಔದಾರ್ಯ ನಿನಗಿದ್ದರೆ ಹತ್ತು ಎನ್ನುತ್ತಿತ್ತು.

ಧಾರಾನಗರದ ಭೋಜ 11ನೇ ಶತಮಾನದ ನಿಜವಾದ ರಾಜ. ಹಾಗಾಗಿ ಈಗ ನಮಗೆ ಸಿಗುವ ರೂಪದ ಕಥೆ ಅವನಿಗಿಂತ ಈಚಿನದು. ಸಂಸ್ಕೃತದಲ್ಲಿ ಇದರ ಹೆಸರು ಸಿಂಹಾಸನ ದ್ವಾತ್ರಿಂಶಿಕೆ. ಅಮೆರಿಕದ ವಿದ್ವಾಂಸ ಫ್ರಾಂಕ್ಲಿನ್ ಎಡ್ಗರ್ಟನ್ 1926ರಲ್ಲಿ ಇದರ ನಾಲ್ಕು ಪಾಠಗಳನ್ನು ಇಂಗ್ಲಿಷಿಗೆ ಅನುವಾದಿಸಿದರು. ಹಾರ್ವರ್ಡ್ ಅದನ್ನು ಪ್ರಕಟಿಸಿತು.

ಇಂಗ್ಲಿಷಿನಲ್ಲೂ ಗೊಂಬೆಗಳು ಕಥೆ ಹೇಳಿವೆ. 1846ರ ‘ಮೆಮಾಯರ್ಸ್ ಆಫ್ ಎ ಲಂಡನ್ ಡಾಲ್’ ಬರೆದ ರಿಚರ್ಡ್ ಹಾರ್ನ್, ಗಣಿ ಮತ್ತು ಕಾರ್ಖಾನೆಗಳ ಬಾಲಕಾರ್ಮಿಕರ ಸ್ಥಿತಿ ತನಿಖೆ ಮಾಡಿದ ಆಯೋಗದಲ್ಲಿ ಕೆಲಸ ಮಾಡಿದ್ದವರು. ಅಮೆರಿಕದ ರೇಚಲ್ ಫೀಲ್ಡ್ 1929ರಲ್ಲಿ ‘ಹಿಟಿ’ ಬರೆದರು. ಮರುವರ್ಷ ಅದಕ್ಕೆ ನ್ಯೂಬೆರಿ ಪದಕ ಬಂತು. ಮರದ ಗೊಂಬೆ ಹಿಟಿ ತಿಮಿಂಗಿಲ ಬೇಟೆಯ ಹಡಗು ಹತ್ತಿ ಬಾಂಬೆಗೂ ಬರುತ್ತಾಳೆ!

ಆದರೆ ಒಂದು ವ್ಯತ್ಯಾಸವಿದೆ. ಆ ಗೊಂಬೆಗಳು ತಮ್ಮದೇ ಆತ್ಮಕಥೆ ಹೇಳುತ್ತವೆ. ಒಡೆಯರು ಎಲ್ಲಿಗೆ ಒಯ್ದರೆ ಅಲ್ಲಿಗೆ ಹೋಗಿ, ಕಂಡದ್ದನ್ನು ವರದಿ ಮಾಡುತ್ತವೆ. ನಮ್ಮ ಗೊಂಬೆಗಳು ಇನ್ನೊಬ್ಬರ ಕಥೆ ಹೇಳಿ, ಎದುರಿಗಿರುವ ರಾಜನನ್ನೇ ಪ್ರಶ್ನಿಸುತ್ತವೆ.

“ಭೋಜ ಗೊಂಬೆಯನ್ನು ತಳ್ಳಿ ಕೂತ್ಕೋಬಹುದಿತ್ತಲ್ಲಾ ಅಜ್ಜಿ?” ಎಂದು ಆಗ ಕೇಳಿದ್ದೆ. “ಕೂತ್ಕೋಬಹುದಿತ್ತು ಪುಟ್ಟ. ಆದ್ರೆ ನಿಂತು ಕೇಳಿಸ್ಕೊಂಡ ನೋಡು, ಅದಕ್ಕೇ ಅವನು ದೊಡ್ಡವನು” ಎಂದರು.

ಒಂಬತ್ತನೆಯ ಗೊಂಬೆಯ ಹೊತ್ತಿಗೆ ಅಜ್ಜಿ ಊರಿಗೆ ಹೊರಟರು. ಕಳೆದ ವರ್ಷ ಫೋನಿನಲ್ಲಿ ಹತ್ತನೆಯದನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮರೆತುಹೋಗಿದೆ ಕಣೋ, ನೀನೇ ಒಂದು ಹೇಳು” ಎಂದರು. ಮೊದಲನೆಯದನ್ನೇ ಹೇಳಿದೆ. ನಡುವೆ ಇಂಗ್ಲಿಷ್ ಪದ ಬಂದಾಗಲೆಲ್ಲ ಅಜ್ಜಿ ಕನ್ನಡ ಪದ ಕೊಟ್ಟರು. ಕಥೆ ಮರೆತಿದ್ದರೂ ಪದ ಮರೆತಿರಲಿಲ್ಲ.

ಇನ್ನೂ ಇಪ್ಪತ್ತಮೂರು ಗೊಂಬೆಗಳು ಬಾಕಿ ಇವೆ. ಅವನ್ನು ಕನ್ನಡದಲ್ಲೇ ಓದಿ ಅಜ್ಜಿಗೆ ಹೇಳಬೇಕು.