ದೇವಾಲಯ, ಚರ್ಚುಗಳ ಹಳೆಯ ಕೀಲಿಕೈಗಳು: ಸಂಕೇತ ಮತ್ತು ಸಂಗ್ರಹ

ಉಡುಪಿಯ ಪರ್ಯಾಯದಲ್ಲಿ ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಸಲ್ಲುವಾಗ ಅಕ್ಷಯಪಾತ್ರೆ, ಸಟ್ಟುಗಗಳ ಜೊತೆಗೆ ಗರ್ಭಗುಡಿಯ ಕೀಲಿಕೈಯೂ ಹಸ್ತಾಂತರವಾಗುತ್ತದೆ. ಮೊದಲು ಎರಡೆರಡು ತಿಂಗಳಿದ್ದ ಸರದಿಯನ್ನು ಯತಿ ವಾದಿರಾಜರು ಎರಡು ವರ್ಷಕ್ಕೆ ಹಿಗ್ಗಿಸಿದರು. ಈ ಕ್ರಮ 1522ರಿಂದ ನಡೆದುಬಂದಿದೆ. 2024ರ ಜನವರಿ 18ರಂದು ಕೃಷ್ಣಾಪುರ ಮಠದಿಂದ ಪುತ್ತಿಗೆ ಮಠಕ್ಕೆ ಹೊಣೆ ಸಂದಿತು. ಅನ್ನ ಬಡಿಸುವ ಸಟ್ಟುಗದ ಪಕ್ಕದಲ್ಲೇ ಕೀಲಿಕೈ ಇರುವುದು ಅರ್ಥಪೂರ್ಣ: ದೇವರ ಬಾಗಿಲು ಕಾಯುವವರೇ ಬಂದವರ ಹಸಿವನ್ನೂ ನೋಡಿಕೊಳ್ಳಬೇಕು.

ಕ್ರೈಸ್ತರಲ್ಲಿ ಕೀಲಿಕೈ ಎಂದರೆ ಸಂತ ಪೇತ್ರ. ಸ್ವರ್ಗರಾಜ್ಯದ ಕೀಲಿಕೈಗಳನ್ನು ಯೇಸು ಪೇತ್ರನಿಗೆ ಕೊಡುವ ಮಾತು ಮತ್ತಾಯನ ಸುವಾರ್ತೆಯ 16ನೇ ಅಧ್ಯಾಯದಲ್ಲಿದೆ. ಪೋಪರ ಲಾಂಛನದಲ್ಲಿ ಒಂದು ಚಿನ್ನದ, ಒಂದು ಬೆಳ್ಳಿಯ ಕೀಲಿಕೈ ಅಡ್ಡಡ್ಡ ಕೂಡಿರುವುದು ಇದರಿಂದಲೇ. ಪೋಪ್ ಒಂದನೆಯ ಗ್ರೆಗೊರಿ (590–604) ಪೇತ್ರನನ್ನು ಬಂಧಿಸಿದ್ದವೆಂದು ನಂಬಲಾದ ಸರಪಳಿಗಳ ಅರದ ಪುಡಿ ತುಂಬಿದ ಪುಟ್ಟ ಕೀಲಿಕೈಗಳನ್ನು ಗಣ್ಯರಿಗೆ ಕಳಿಸುತ್ತಿದ್ದ. ಯಾವ ಬೀಗವನ್ನೂ ತೆಗೆಯದ ಆ ಕೀಲಿಕೈಗಳನ್ನು ಪಡೆದವರು ಭಕ್ತಿಯಿಂದ ಕಾಪಾಡಿಕೊಂಡರು. ಕೀಲಿಕೈಗಳನ್ನು ಕಾಪಿಡುವ ರೂಢಿಗೆ ಇದೊಂದು ಹಳೆಯ ಉದಾಹರಣೆ.

ಜೆರುಸಲೇಮಿನ ಪವಿತ್ರ ಸಮಾಧಿ ಚರ್ಚಿನ ಕೀಲಿಕೈ ಮಾತ್ರ ಮುಸ್ಲಿಂ ಮನೆತನವೊಂದರ ವಶದಲ್ಲಿದೆ. ಜೂದೆ ಮನೆತನ ಅದನ್ನು ಕಾಯುತ್ತದೆ, ನುಸೈಬೆ ಮನೆತನ ಬಾಗಿಲು ತೆರೆಯುತ್ತದೆ.

ಸಂಗ್ರಾಹಕರು ಹಳೆಯ ಕೀಲಿಕೈ ಸಿಕ್ಕರೆ ಮೊದಲು ಹಲ್ಲು ನೋಡುತ್ತಾರೆ. ದಿನವೂ ತಿರುಗಿದ ಕೀಲಿಕೈಯ ಹಲ್ಲಿನ ಅಂಚು ಸವೆದು ನುಣುಪಾಗಿರುತ್ತದೆ. ಬೆರಳು ಹಿಡಿಯುವ ಬಳೆ ಒಳಬದಿಯಲ್ಲಿ ತೆಳುವಾಗಿರುತ್ತದೆ. ಕಮ್ಮಾರ ಬಡಿದು ಮಾಡಿದ್ದರೆ ಸುತ್ತಿಗೆಯ ಏಟಿನ ಗುರುತು ಉಳಿದಿರಬಹುದು, ಅಚ್ಚಿನಲ್ಲಿ ಎರಕ ಹೊಯ್ದಿದ್ದರೆ ಉದ್ದಕ್ಕೂ ಸಣ್ಣ ಗೆರೆ ಕಾಣಬಹುದು. ಹಿಡಿಯಲ್ಲಿ ಮೂರೆಸಳಿನ ಆಕಾರವಿದ್ದರೆ ಅದನ್ನು ತ್ರಿತ್ವದ ಸಂಕೇತವೆಂದು ಹೇಳುವುದುಂಟು. ಹಾಗೆಂದು ಪ್ರತಿಯೊಂದು ಮೂರೆಸಳೂ ಚರ್ಚಿನದಲ್ಲ. ಮನೆಯ ಪೆಟ್ಟಿಗೆಗಳ ಕೀಲಿಕೈಗಳಲ್ಲೂ ಅದೇ ವಿನ್ಯಾಸವಿದೆ. ಯಾವ ಊರು, ಯಾವ ಬಾಗಿಲು ಎಂಬ ಚೀಟಿ ಕಟ್ಟಿದ ಕೀಲಿಕೈಯೇ ನಿಜವಾಗಿ ಬೆಲೆಯುಳ್ಳದ್ದು.

ಭಾರತದಲ್ಲಿ 1972ರ ಪ್ರಾಚ್ಯವಸ್ತು ಕಾಯ್ದೆ ನೂರು ವರ್ಷ ದಾಟಿದ ಇಂಥ ವಸ್ತುಗಳಿಗೂ ಅನ್ವಯಿಸುತ್ತದೆ. ಖಾಸಗಿಯವರು ಅವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ.

ಗುಡಿಯಿಂದ ಕೀಲಿಕೈ ಕಾಣೆಯಾದರೆ ಏನಾಗುತ್ತದೆಂಬುದಕ್ಕೆ ಪುರಿಯ ಜಗನ್ನಾಥ ದೇವಾಲಯ ಇತ್ತೀಚಿನ ಉದಾಹರಣೆ. ರತ್ನಭಂಡಾರದ ಒಳಕೋಣೆಯ ಕೀಲಿಕೈ ಇಲ್ಲವೆಂಬುದು 2018ರಲ್ಲಿ ಬಯಲಾಯಿತು. 2024ರ ಜುಲೈ 14ರಂದು ಅದರ ಬೀಗಗಳನ್ನು ಒಡೆದೇ ಬಾಗಿಲು ತೆರೆಯಬೇಕಾಯಿತು.